ಮಾಂಸದ ಪರವಾನಗಿ ಬೇಡ, ಸತ್ತ ಚಿಗರಿಯ ಲೆಕ್ಕ ಬೇಕು

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪತ್ರಿಕೆಯಲ್ಲಿ ಬ್ಯಾಡಗಿ ಕಡೆಯ ರೈತರೊಬ್ಬರ ಪತ್ರ ಓದಿದೆ. ಅಮೆರಿಕದ ಕೆಲವು ರಾಜ್ಯಗಳಲ್ಲಿ ವಾಹನಕ್ಕೆ ಸಿಕ್ಕಿ ಸತ್ತ ಜಿಂಕೆಯನ್ನು ಜನ ಕಾನೂನು ಪ್ರಕಾರವೇ ಮನೆಗೆ ಒಯ್ದು ಅಡುಗೆ ಮಾಡುತ್ತಾರೆ. ನಮ್ಮಲ್ಲಿ ಮಾತ್ರ ಚಿಗರಿ, ಅಂದರೆ ಕೃಷ್ಣಮೃಗ, ಹೆದ್ದಾರಿ ಬದಿ ಕೊಳೆತು ನಾರುತ್ತದೆ. ಬದುಕಿದ್ದಾಗ ನಮ್ಮ ಗೋವಿನಜೋಳ ತಿನ್ನುತ್ತದೆ, ಸತ್ತ ಮೇಲೆ ಯಾರಿಗೂ ಉಪಯೋಗವಿಲ್ಲ. ಇಲ್ಲೂ ಅಂಥ ಕಾನೂನು ಯಾಕೆ ಬರಬಾರದು ಎಂದು ಅವರು ಕೇಳಿದ್ದರು.

ಪತ್ರ ಓದಿ ಊರಿನಲ್ಲಿ ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ಅವರ ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ಸರಿಯಾದ ಉತ್ತರ ಸಿಗಬೇಕು. ನಾನು ಪಶುವೈದ್ಯ. ನೌಕರಿಯ ಬಹುಪಾಲು ಹಾವೇರಿ ಜಿಲ್ಲೆಯಲ್ಲೇ ಮಾಡಿ ರಾಣೇಬೆನ್ನೂರಿನಲ್ಲಿ ನಿವೃತ್ತನಾಗಿದ್ದೇನೆ. ದನ, ಎಮ್ಮೆ, ಕುರಿಗಳ ಕೆಲಸದ ನಡುವೆ ಅರಣ್ಯ ಇಲಾಖೆಯವರು ಕರೆದಾಗ ಸತ್ತ ಚಿಗರಿಯ ಮರಣೋತ್ತರ ಪರೀಕ್ಷೆ ಮಾಡುವುದೂ ನನ್ನ ಪಾಲಿಗೆ ಬರುತ್ತಿತ್ತು. ಇನ್ನೊಂದು ಕಡೆ, ನನ್ನ ಮಗಳು ಇರುವುದು ಅಮೆರಿಕದ ಆರೆಗನ್ ರಾಜ್ಯದಲ್ಲಿ, ಹಿಲ್ಸ್‌ಬರೊ ಎಂಬ ಊರಿನಲ್ಲಿ. ಅಲ್ಲಿ ಹೋಗಿದ್ದಾಗ ಈ ಕಾನೂನು ಹೇಗೆ ನಡೆಯುತ್ತದೆ ಎಂಬುದನ್ನು ಕಣ್ಣಾರೆ ನೋಡಿದ್ದೇನೆ. ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ನಾನು ಮಾಂಸ ತಿನ್ನುವವನು. ಮುಂದೆ ಬರೆಯುವುದನ್ನು ಯಾರೂ ಮಡಿ ಮೈಲಿಗೆಯ ಮಾತು ಅಂದುಕೊಳ್ಳಬಾರದು.

ಆರೆಗನ್‌ನಲ್ಲಿ ಈ ಕಾನೂನು 2017ರಲ್ಲಿ ಆಯಿತು, 2019ರ ಜನವರಿ 1ರಿಂದ ಜಾರಿಗೆ ಬಂತು. ಆಕಸ್ಮಿಕವಾಗಿ ವಾಹನಕ್ಕೆ ಸಿಕ್ಕಿ ಸತ್ತ ಜಿಂಕೆ ಮತ್ತು ಎಲ್ಕ್ ಎರಡಕ್ಕೆ ಮಾತ್ರ ಇದು ಅನ್ವಯ. ಎಲ್ಕ್ ಅಂದರೆ ನಮ್ಮ ಕಡವೆಯ ಜಾತಿಗೇ ಹತ್ತಿರದ್ದು, ಅದಕ್ಕಿಂತ ದೊಡ್ಡದು. ದೊಡ್ಡ ಗಂಡು 300 ಕಿಲೋ ದಾಟುತ್ತದೆ. ಒಯ್ದವರು 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಅರ್ಜಿ ತುಂಬಿ ಪರವಾನಗಿ ಪಡೆಯಬೇಕು. ದುಡ್ಡಿಲ್ಲ. ಮಾಂಸವನ್ನು ಮಾರುವಂತಿಲ್ಲ. ಪ್ರಾಣಿಯನ್ನು ಪೂರ್ತಿ ಎತ್ತಬೇಕು. ತೊಡೆ ಕೊಯ್ದುಕೊಂಡು ಕರುಳನ್ನು ರಸ್ತೆ ಬದಿ ಬಿಟ್ಟು ಹೋದರೆ ತಪ್ಪು. ಬೇಕಂತಲೇ ಗುದ್ದುವುದು ಅಪರಾಧ. ತಲೆ ಮತ್ತು ಕೊಂಬನ್ನು 5 ಕೆಲಸದ ದಿನಗಳೊಳಗೆ ವನ್ಯಜೀವಿ ಇಲಾಖೆಯ ಕಚೇರಿಗೆ ಒಪ್ಪಿಸಬೇಕು. ಆ ಮಾಂಸ ತಿಂದು ಏನಾದರೂ ಆದರೆ ಸರ್ಕಾರ ಹೊಣೆಯಲ್ಲ.

ಮಗಳ ಮನೆಯ ಪಕ್ಕದವರು ಎಲೆಕ್ಟ್ರಿಷಿಯನ್. ನವೆಂಬರಿನ ಒಂದು ಬೆಳಿಗ್ಗೆ ಸಮುದ್ರದ ಕಡೆ ಹೋಗುವ 26ನೇ ಹೆದ್ದಾರಿಯಿಂದ ಒಂದು ಹೆಣ್ಣು ಎಲ್ಕ್ ತಂದಿದ್ದರು. ಗುದ್ದಿದವರು ಬೇರೆ ಯಾರೋ. ನಾನು ಪಶುವೈದ್ಯ ಅಂತ ಮಗಳು ಹೇಳಿದ್ದಳು, ಹಾಗಾಗಿ ಅವರು ಗ್ಯಾರೇಜಿಗೆ ಕರೆದರು. ಹೊರಗೆ ಬಾಯಿಂದ ಹೊಗೆ ಬರುವಷ್ಟು ಚಳಿ. ಗ್ಯಾರೇಜಿನ ಒಳಗೂ ಅಷ್ಟೇ. ತೊಲೆಗೆ ತೂಗುಹಾಕಿ ಚರ್ಮ ಸುಲಿಯುತ್ತಿದ್ದರು. ಎಡಗಡೆ ಪಕ್ಕೆಲುಬು ಪೂರ್ತಿ ಪುಡಿ, ಆ ಭಾಗದ ಮಾಂಸ ಕಪ್ಪಾಗಿ ರಕ್ತ ಹೆಪ್ಪುಗಟ್ಟಿತ್ತು. ಅದನ್ನು ಅವರು ಕೊಯ್ದು ಬೇರೆ ಬಕೆಟ್‌ಗೆ ಹಾಕಿದರು. ಹೊಟ್ಟೆ ಒಡೆದಿರಲಿಲ್ಲ. ಕೈ ಇಟ್ಟು ನೋಡಿದೆ, ಮಾಂಸ ಗಟ್ಟಿಯಾಗಿ ತಣ್ಣಗಿತ್ತು. ಒಳ್ಳೆಯ ಮಾಂಸ. ಕಸಾಯಿಖಾನೆ ತಪಾಸಣೆ ಮಾಡಿದ ಅನುಭವದಲ್ಲಿ ಹೇಳುತ್ತಿದ್ದೇನೆ, ಅದನ್ನು ತಿನ್ನಬೇಡಿ ಅನ್ನಲು ನನಗೆ ಕಾರಣ ಸಿಗಲಿಲ್ಲ. ಅವರು ಫ್ರೀಜರ್ ತುಂಬಿಸಿಕೊಂಡರು. ಅಷ್ಟು ದೊಡ್ಡ ಜೀವ ಸುಮ್ನೆ ಹಾಳಾಗಲಿಲ್ಲ ಎಂದು ನನಗೂ ಸಮಾಧಾನವೇ ಆಯಿತು.

ಆದರೆ ನನ್ನ ತಲೆಯಲ್ಲಿ ಉಳಿದದ್ದು ಆ ಮಾಂಸ ಅಲ್ಲ. ಅವರ ಮೊಬೈಲಿನಲ್ಲಿದ್ದ ಅರ್ಜಿ. ಯಾವ ರಸ್ತೆ, ಯಾವ ಜಾಗ, ಯಾವ ದಿನ, ಯಾವ ಪ್ರಾಣಿ, ಗಂಡೋ ಹೆಣ್ಣೋ. ಅಷ್ಟನ್ನು ಅವರು ಟೀ ಕುಡಿಯುತ್ತಾ ತುಂಬಿದ್ದರು. ಆ ಎಲ್ಕ್ ಎಲ್ಲಿ ಸತ್ತಿತು ಎಂಬುದು ಸರ್ಕಾರದ ಪುಸ್ತಕದಲ್ಲಿ ಕೂತಿತು. ಮರುದಿನ ಅವರು ತಲೆಯನ್ನು ಚೀಲದಲ್ಲಿ ಹಾಕಿಕೊಂಡು ಇಲಾಖೆಗೆ ಕೊಡಲು ಹೊರಟರು. ಅದನ್ನು ಯಾಕೆ ಕೇಳುತ್ತಾರೆ ಗೊತ್ತೇ? ಕೊಂಬಿನ ಆಸೆಗೆ ಯಾರೂ ಪ್ರಾಣಿಗೆ ಗುದ್ದಬಾರದು ಎಂಬುದು ಒಂದು. ಇನ್ನೊಂದು, ಜಿಂಕೆ ಜಾತಿಗೆ ಬರುವ ಕ್ರಾನಿಕ್ ವೇಸ್ಟಿಂಗ್ ಎಂಬ ಮಿದುಳಿನ ರೋಗ. 1960ರ ದಶಕದ ಕೊನೆಯಲ್ಲಿ ಕೊಲೊರಾಡೋದಲ್ಲಿ ಮೊದಲು ಕಂಡ ರೋಗ ಅದು. ಹುಚ್ಚು ಹಸು ರೋಗದಂತೆಯೇ ಪ್ರಿಯಾನ್ ಎಂಬ ಕೆಟ್ಟ ಪ್ರೋಟೀನಿನಿಂದ ಬರುತ್ತದೆ, ಕುದಿಸಿದರೂ ಸಾಯುವುದಿಲ್ಲ. ಮನುಷ್ಯರಿಗೆ ಅಂಟಿದ್ದು ಸಾಬೀತಾಗಿಲ್ಲ, ಆದರೂ ರೋಗ ಇರುವ ಪ್ರಾಣಿಯ ಮಾಂಸ ತಿನ್ನಬೇಡಿ ಎಂದು ಅಲ್ಲಿನ ಆರೋಗ್ಯ ಇಲಾಖೆ ಹೇಳುತ್ತದೆ. ರೋಗದಿಂದ ಮಂಕಾದ ಜಿಂಕೆ ವಾಹನಕ್ಕೆ ಸಿಗುವುದು ಜಾಸ್ತಿ. ಹಾಗಾಗಿ ರಸ್ತೆಯಲ್ಲಿ ಸತ್ತವುಗಳ ತಲೆ ಪರೀಕ್ಷೆ ಮಾಡಿದರೆ ರೋಗ ಬಂದಿದೆಯೋ ಇಲ್ಲವೋ ಬೇಗ ಗೊತ್ತಾಗುತ್ತದೆ.

ಎಲ್ಲ ರಾಜ್ಯಗಳ ಕಾನೂನು ಒಂದೇ ಥರ ಇಲ್ಲ. ಐಡಾಹೊದಲ್ಲಿ 2012ರಲ್ಲಿ, ಮೊಂಟಾನಾದಲ್ಲಿ 2013ರಲ್ಲಿ, ವಾಷಿಂಗ್ಟನ್ ರಾಜ್ಯದಲ್ಲಿ 2016ರಲ್ಲಿ ಇಂಥ ಅವಕಾಶ ಬಂತು. ಅಲಾಸ್ಕಾದಲ್ಲಿ ರಸ್ತೆಯಲ್ಲಿ ಸತ್ತ ಮೂಸ್ ಎಂಬ ಭಾರೀ ಗಾತ್ರದ ಜಿಂಕೆ ಸರ್ಕಾರದ ಆಸ್ತಿ. ಪೊಲೀಸರು ಪಟ್ಟಿಯಲ್ಲಿರುವ ಸೇವಾ ಸಂಸ್ಥೆಗಳಿಗೆ ರಾತ್ರಿಯಾದರೂ ಫೋನ್ ಮಾಡುತ್ತಾರೆ, ಅವರು ಬಂದು ಒಯ್ದು ಕಷ್ಟದಲ್ಲಿರುವ ಮನೆಗಳಿಗೆ ಹಂಚುತ್ತಾರೆ. ಆದರೆ ವಾಷಿಂಗ್ಟನ್‌ನ ಒಂದು ನಿಯಮವನ್ನು ಬ್ಯಾಡಗಿಯ ಪತ್ರದವರು ಗಮನಿಸಬೇಕು. ಅಲ್ಲಿನ ಕ್ಲಾರ್ಕ್, ಕೌಲಿಟ್ಜ್, ವಾಕಾಯಕಮ್ ಎಂಬ ಮೂರು ಜಿಲ್ಲೆಗಳಲ್ಲಿ ಎಲ್ಕ್ ಒಯ್ಯಬಹುದು, ಜಿಂಕೆ ಒಯ್ಯುವಂತಿಲ್ಲ. ಯಾಕೆಂದರೆ ಅಳಿವಿನ ಅಂಚಿಗೆ ಹೋಗಿ ಬಂದ ಬಿಳಿಬಾಲದ ಜಿಂಕೆಯ ಒಂದು ತಳಿ ಅಲ್ಲಿದೆ. ಅಂದರೆ, ರಸ್ತೆ ಮೇಲೆ ಸತ್ತದ್ದನ್ನು ತಿನ್ನಿ ಅನ್ನುವ ಸರ್ಕಾರವೇ ಕಾಪಾಡಬೇಕಾದ ಜೀವ ಇರುವ ಕಡೆ ಸತ್ತದ್ದನ್ನೂ ಮುಟ್ಟಬೇಡಿ ಅನ್ನುತ್ತದೆ.

ನಮ್ಮ ಚಿಗರಿಯೂ ಅಂಥದ್ದೇ ಜೀವ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆ ಇರುವ ಮೊದಲನೇ ಅನುಸೂಚಿಯಲ್ಲಿದೆ. ಅದರ ಬೇಟೆಗೂ ಮಾಂಸಕ್ಕೂ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ರಾಣೇಬೆನ್ನೂರಿನ 119 ಚದರ ಕಿಲೋಮೀಟರ್ ಅಭಯಾರಣ್ಯ 1974ರಲ್ಲಿ ಆದದ್ದೇ ಅದಕ್ಕಾಗಿ. ಆರೆಗನ್‌ನಲ್ಲಿ ಲೈಸೆನ್ಸ್ ತೆಗೆದುಕೊಂಡು ಹಂಗಾಮಿನಲ್ಲಿ ಜಿಂಕೆ ಬೇಟೆ ಆಡಬಹುದು. ಬೇಟೆಯೇ ಕಾನೂನುಬದ್ಧವಾಗಿರುವ ಕಡೆ, ರಸ್ತೆಯಲ್ಲಿ ಸತ್ತದ್ದನ್ನು ಒಯ್ಯಲು ಬಿಡುವುದು ಚಿಕ್ಕ ಹೆಜ್ಜೆ. ನಮ್ಮಲ್ಲಿ ಅದೇ ಹೆಜ್ಜೆ ಬಹಳ ದೂರ ಕರೆದುಕೊಂಡು ಹೋಗುತ್ತದೆ. ಮನೆಯಲ್ಲಿ ಚಿಗರಿ ಮಾಂಸ ಸಿಕ್ಕ ಯಾರಾದರೂ "ರಸ್ತೆ ಮೇಲೆ ಸತ್ತಿತ್ತು" ಅಂದರೆ ಮುಗಿಯಿತು. ಉರುಳು ಹಾಕಿ ಹಿಡಿದದ್ದೋ, ರಾತ್ರಿ ಜೀಪಿನ ಬೆಳಕು ಬಿಟ್ಟು ಗುದ್ದಿದ್ದೋ ಯಾರು ಹೇಳಬೇಕು? ಉರುಳಿನಲ್ಲಿ ಸತ್ತ ಚಿಗರಿಯನ್ನು ನಾನು ಮೇಜಿನ ಮೇಲೆ ನೋಡಿದ್ದೇನೆ. ಕುತ್ತಿಗೆಯ ಚರ್ಮದ ಕೆಳಗೆ ತಂತಿಯ ಗುರುತು ಕಪ್ಪಗೆ ಇರುತ್ತದೆ. ಚರ್ಮ ಸುಲಿದು ತುಂಡು ಮಾಡಿದ ಮೇಲೆ ಅದು ಯಾರ ಕಣ್ಣಿಗೂ ಕಾಣುವುದಿಲ್ಲ.

ಇನ್ನು ಮಾಂಸದ ಮಾತು. ಇದು ನನ್ನ ಕಸುಬಿನ ವಿಷಯ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕುರಿಯನ್ನು ಕೊಯ್ದಾಗ ರಕ್ತ ಹರಿದು ಹೋಗುತ್ತದೆ. ರಸ್ತೆಯಲ್ಲಿ ಸತ್ತ ಪ್ರಾಣಿಯ ರಕ್ತ ಒಳಗೇ ಉಳಿಯುತ್ತದೆ, ಅಂಥ ಮಾಂಸ ಬೇಗ ಕೆಡುತ್ತದೆ. ಚಿಗರಿ 25ರಿಂದ 40 ಕಿಲೋ ತೂಗುವ ಪ್ರಾಣಿ. ಎಲ್ಕ್‌ಗೆ ಗುದ್ದಿದರೆ ಕಾರು ಜಜ್ಜುತ್ತದೆ, ಚಿಗರಿಗೆ ಲಾರಿ ಗುದ್ದಿದರೆ ಚಿಗರಿಯೇ ಒಡೆದುಹೋಗುತ್ತದೆ. ನಾನು ತೆರೆದು ನೋಡಿದ ಹೆಚ್ಚಿನವುಗಳಲ್ಲಿ ದೊಡ್ಡ ಹೊಟ್ಟೆ ಒಡೆದು ಅರೆಜೀರ್ಣವಾದ ಮೇವು, ಸಗಣಿ, ಪಿತ್ತ ಎಲ್ಲ ಮಾಂಸದ ಮೇಲೆ ಹರಡಿರುತ್ತಿತ್ತು. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಡಾಂಬರಿನ ಮೇಲೆ ಬಿದ್ದ ಪ್ರಾಣಿ ಕೆಲವೇ ಗಂಟೆಗಳಲ್ಲಿ ಉಬ್ಬುತ್ತದೆ. ಹೊರಗಿನಿಂದ ನೋಡಲು ತಾಜಾ ಇದ್ದರೂ ಒಳಗೆ ಹಸಿರು ತಿರುಗಿರುತ್ತದೆ. ಅಲ್ಲಿನ ನವೆಂಬರ್ ಚಳಿ ಮಾಡುವ ಕೆಲಸವನ್ನು ಇಲ್ಲಿ ಯಾರು ಮಾಡಬೇಕು?

ಅದಕ್ಕಿಂತ ದೊಡ್ಡ ಭಯ ಆಂಥ್ರಾಕ್ಸ್, ನಮ್ಮ ಕಡೆ ನೆರಡಿ ರೋಗ ಅನ್ನುತ್ತಾರೆ. ಕುರಿ, ದನ, ಕಾಡಿನ ಮೇಯುವ ಪ್ರಾಣಿಗಳಿಗೆಲ್ಲ ಬರುವ ರೋಗ. ಈ ರೋಗದಿಂದ ಸತ್ತ ಪ್ರಾಣಿಯ ಮೂಗು ಬಾಯಿಯಿಂದ ಹೆಪ್ಪುಗಟ್ಟದ ರಕ್ತ ಬರುತ್ತದೆ. ಲಾರಿ ಗುದ್ದಿದರೂ ಮೂಗು ಬಾಯಿಯಿಂದ ರಕ್ತ ಬರುತ್ತದೆ. ರಸ್ತೆ ಬದಿ ಬಿದ್ದದ್ದನ್ನು ನೋಡಿ ಯಾವುದು ಯಾವುದು ಅಂತ ಹೇಳಲು ಸಾಮಾನ್ಯ ಜನರಿಂದ ಆಗುವುದಿಲ್ಲ. ನಾವೂ ಅನುಮಾನ ಬಂದರೆ ಚಾಕು ಮುಟ್ಟುವುದಿಲ್ಲ. ಕಿವಿಯ ನರದಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತೇವೆ. ಯಾಕೆಂದರೆ ಹೊಟ್ಟೆ ಕೊಯ್ದು ಗಾಳಿ ತಾಗಿದರೆ ರೋಗಾಣು ಬೀಜ ಕಟ್ಟಿಕೊಂಡು ಮಣ್ಣಿನಲ್ಲಿ ವರ್ಷಗಟ್ಟಲೆ ಕಾದು ಕೂರುತ್ತದೆ. ಕೊಯ್ದವನ ಕೈಗೆ ಹುಣ್ಣು ಬರುತ್ತದೆ, ತಿಂದವನ ಜೀವಕ್ಕೇ ಅಪಾಯ. ಹಳ್ಳಿಯಲ್ಲಿ ಒಬ್ಬ ತಂದೆ ಮಕ್ಕಳಿಗೆಂದು ಆಸೆಯಿಂದ ಒಂದು ಪಾಲು ಮಾಂಸ ಒಯ್ದು ಹಾಗಾಗುವುದು ನನಗೆ ಬೇಡ.

ಹಾಗಾದರೆ ಈಗ ನಡೆಯುತ್ತಿರುವುದು ಸರಿಯೇ? ಖಂಡಿತ ಅಲ್ಲ. ಬ್ಯಾಡಗಿಯವರ ಸಿಟ್ಟಿನಲ್ಲಿ ನಾನೂ ಪಾಲುದಾರ.

ನಮ್ಮ ಹೆದ್ದಾರಿಯಲ್ಲಿ ಏನಾಗುತ್ತದೆ ನೋಡಿ. ಪುಣೆ–ಬೆಂಗಳೂರು ಹೆದ್ದಾರಿ ಹಾವೇರಿಯಿಂದ ಹರಿಹರದ ಕಡೆ ಆರು ಪಥವಾಗಿದೆ. ಮುಂಗಾರು ಬಿದ್ದು ಗೋವಿನಜೋಳ ಮೊಳಕೆ ಬಂದ ಕೂಡಲೇ ಚಿಗರಿ ಹಿಂಡು ಕಾಡು ಬಿಟ್ಟು ಹೊಲಕ್ಕೆ ಇಳಿಯುತ್ತದೆ. ನಸುಕಿನಲ್ಲಿ, ಇಲ್ಲ ಹೊತ್ತು ಮುಳುಗುವಾಗ ರಸ್ತೆ ದಾಟುತ್ತದೆ. ಮೊದಲನೆಯದು ಹಾರಿ ಹೋದರೆ ಉಳಿದವು ಯೋಚನೆ ಮಾಡುವುದಿಲ್ಲ, ಹಿಂದೆಯೇ ಹಾರುತ್ತವೆ. ಚಾಲಕ ಮೊದಲನೆಯದಕ್ಕೆ ಬ್ರೇಕ್ ಹಾಕಿ, ಹೋಯಿತಲ್ಲ ಅಂತ ಮತ್ತೆ ವೇಗ ಕೊಡುತ್ತಾನೆ. ಎರಡನೆಯದೋ ಮೂರನೆಯದೋ ಸಿಗುತ್ತದೆ. ನಡುವಿನ ವಿಭಜಕದಲ್ಲಿ ಕಣಗಿಲೆ ಗಿಡ ಎತ್ತರಕ್ಕೆ ಬೆಳೆದಿರುತ್ತದೆ. ಅರ್ಧ ರಸ್ತೆ ದಾಟಿದ ಪ್ರಾಣಿಗೆ ಆ ಕಡೆ ಏನು ಬರುತ್ತಿದೆ ಎಂಬುದೇ ಕಾಣುವುದಿಲ್ಲ. ಬಯಲಿನ ಪ್ರಾಣಿ ಅದು. ದೂರದವರೆಗೆ ಕಣ್ಣಿಗೆ ಕಾಣಬೇಕು, ಕಂಡರೆ ಓಡಿ ತಪ್ಪಿಸಿಕೊಳ್ಳುತ್ತದೆ. ಇಲ್ಲಿ ಅದರ ಕಣ್ಣಿಗೂ ಕೆಲಸವಿಲ್ಲ, ಕಾಲಿಗೂ ಕೆಲಸವಿಲ್ಲ.

ಗುದ್ದಿದ ಮೇಲೆ ಮುಂದಿನದ್ದು ಇನ್ನೂ ಕೆಟ್ಟದ್ದು. ಚಾಲಕ ನಿಲ್ಲಿಸುವುದಿಲ್ಲ. ನಿಲ್ಲಿಸಿದರೂ ಕಾಲು ಹಿಡಿದು ಚರಂಡಿಗೆ ಎಳೆದು ಹೋಗುತ್ತಾನೆ. ಕಲ್ಲೆದೆ ಅವನದು ಅನ್ನಬೇಡಿ. ಅವನಿಗೆ ಭಯ. ಮೆಣಸಿನಕಾಯಿ ಚೀಲ ಹೇರಿಕೊಂಡು ಹೋಗುತ್ತಿದ್ದ ಟೆಂಪೋ ಚಾಲಕನೊಬ್ಬ ಒಮ್ಮೆ ಬೆಳಗಾಗುವ ಮೊದಲೇ ನನ್ನ ಮನೆ ಬಾಗಿಲು ತಟ್ಟಿದ್ದ. ಹಿಂದೆ ಚೀಲಗಳ ಮೇಲೆ ಒಂದು ಹೆಣ್ಣು ಚಿಗರಿ, ಇನ್ನೂ ಉಸಿರಾಡುತ್ತಿತ್ತು. "ಸಾಹೇಬ್ರ, ಇದನ್ನ ಉಳಸ್ರಿ. ಆದ್ರ ನಾ ತಂದೀನಂತ ಎಲ್ಲೂ ಬರೀಬ್ಯಾಡ್ರಿ. ಗಾಡಿ ಹಿಡದ್ರ ನನ್ನ ಮನಿ ಮುಳಗ್ತದ" ಅಂದ. ಕೈ ಮುಗಿದು ನಿಂತಿದ್ದ. ಮೂಳೆ ಯಾವುದೂ ಮುರಿದಿರಲಿಲ್ಲ. ಆದರೂ ಅದು ಉಳಿಯಲಿಲ್ಲ. ಚಿಗರಿಯಂಥ ಪ್ರಾಣಿ ಗಾಯಕ್ಕಿಂತ ಹೆಚ್ಚಾಗಿ ಗಾಬರಿಗೇ ಸಾಯುತ್ತದೆ. ಹಿಡಿದಾಗ, ಕಟ್ಟಿದಾಗ, ಸಾಗಿಸಿದಾಗ ಅದರ ಸ್ನಾಯುಗಳೇ ಒಳಗೆ ಕರಗತೊಡಗುತ್ತವೆ. ಸ್ಥಳದಲ್ಲೇ ಕಣ್ಣಿಗೆ ಬಟ್ಟೆ ಕಟ್ಟಿ, ನೆರಳಿನಲ್ಲಿ ಸದ್ದಿಲ್ಲದೆ ಮಲಗಿಸಿ ಅರಣ್ಯದವರಿಗೆ ಒಂದು ಫೋನ್ ಮಾಡಿದ್ದರೆ ಒಂದು ಅವಕಾಶ ಇತ್ತು. ಆ ಫೋನ್ ಮಾಡಲು ಅವನಿಗೆ ಧೈರ್ಯ ಇರಲಿಲ್ಲ.

ವನ್ಯಜೀವಿ ಕಾಯ್ದೆ ಏನು ಹೇಳುತ್ತದೆ? 39ನೇ ಕಲಮಿನ ಪ್ರಕಾರ ಸತ್ತು ಬಿದ್ದ ಅಥವಾ ತಪ್ಪಿನಿಂದ ಸತ್ತ ಕಾಡುಪ್ರಾಣಿ ರಾಜ್ಯ ಸರ್ಕಾರದ ಆಸ್ತಿ. ಅದು ಯಾರ ಕೈಗೆ ಬಂದರೂ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕಾರ ಪಡೆದ ಅಧಿಕಾರಿಗೋ ತಿಳಿಸಬೇಕು. ತಪ್ಪಿನಿಂದ ಸಾಯುವುದೂ ಉಂಟು ಎಂದು ಕಾನೂನಿಗೇ ಗೊತ್ತಿದೆ ಅಲ್ವಾ? ಆದರೆ ಅದೇ ಕಾಯ್ದೆಯಲ್ಲಿ ಅಪರಾಧಕ್ಕೆ ಬಳಸಿದ ವಾಹನ ಜಪ್ತಿಯಾಗಿ ಸರ್ಕಾರದ್ದಾಗುತ್ತದೆ ಎಂಬ ಮಾತೂ ಇದೆ. ಚಾಲಕರ ಕಿವಿಗೆ ಬಿದ್ದಿರುವುದು ಈ ಎರಡನೆಯ ಮಾತು ಮಾತ್ರ. ತಿಳಿಸಿದವನಿಗೆ ತೊಂದರೆ ಇಲ್ಲ ಎಂದು ಯಾರೂ ಅವರಿಗೆ ಹೇಳಿಲ್ಲ, ಬರೆದೂ ಕೊಟ್ಟಿಲ್ಲ.

ಇದರ ಫಲ ಏನೆಂದರೆ ನಮ್ಮ ಕೈಯಲ್ಲಿ ಲೆಕ್ಕವೇ ಇಲ್ಲ. ಪಂಚನಾಮೆ ಆಗಿ ನನ್ನ ಮೇಜಿಗೆ ಬಂದವು ಬೆರಳೆಣಿಕೆ. ಚರಂಡಿಯಲ್ಲಿ ನಾಯಿ ಪಾಲಾದವು, ಹೊಲದ ಬದುವಿನಲ್ಲಿ ಹೂತವು, ರಾತ್ರೋರಾತ್ರಿ ಯಾರದೋ ಒಲೆ ಸೇರಿದವು ಯಾವ ಕಾಗದದಲ್ಲೂ ಇಲ್ಲ. ಕಾಗದದಲ್ಲಿ ಇಲ್ಲದ ಸಾವಿಗೆ ರಸ್ತೆ ಕಟ್ಟುವವರು ಉತ್ತರ ಕೊಡಬೇಕಾಗಿಲ್ಲ. ಇಲ್ಲಿ ತಂತಿಬೇಲಿ ಹಾಕಿ, ಇಲ್ಲಿ ಕೆಳದಾರಿ ಮಾಡಿ ಎಂದು ಯಾರಾದರೂ ಕೇಳಿದರೆ, ಇಲ್ಲೇ ಯಾಕೆ, ಎಷ್ಟು ಸತ್ತಿವೆ, ದಾಖಲೆ ತೋರಿಸಿ ಅನ್ನುತ್ತಾರೆ. ನಾನು ಒಂದು ಸಭೆಯಲ್ಲಿ ಈ ಮಾತು ಕೇಳಿಸಿಕೊಂಡು ಬಾಯಿ ಮುಚ್ಚಿಕೊಂಡು ಕೂರಬೇಕಾಯಿತು. ಎಲ್ಲಿ ಸಾಯುತ್ತವೆ ಎಂದು ನನಗೆ ಗೊತ್ತಿತ್ತು, ತೋರಿಸಲು ಹಾಳೆ ಇರಲಿಲ್ಲ.

ಲೆಕ್ಕ ಇದ್ದ ಕಡೆ ಕೆಲಸ ಆಗಿದೆ, ದೂರ ಹೋಗಬೇಕಿಲ್ಲ. ಬಂಡೀಪುರದಲ್ಲಿ ರಾತ್ರಿ ಎಷ್ಟು ಪ್ರಾಣಿ ಸಾಯುತ್ತಿವೆ ಎಂಬುದು ಹೊರಗೆ ಬಂದ ಮೇಲೆಯೇ 2009ರಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಂತಿತು. ಮಹಾರಾಷ್ಟ್ರದ ಪೆಂಚ್ ಹುಲಿ ಕಾಡಿನ ಬಳಿ 44ನೇ ಹೆದ್ದಾರಿಯನ್ನು ಕಂಬಗಳ ಮೇಲೆ ಎತ್ತಿ ಪ್ರಾಣಿಗಳಿಗಾಗಿ 9 ದಾರಿ ಬಿಟ್ಟಿದ್ದಾರೆ. ಒಂದೊಂದು 50 ಮೀಟರಿನಿಂದ 750 ಮೀಟರಿನವರೆಗೆ ಇದೆ. ಕೆಳಗೆ ಜಿಂಕೆ, ಕಾಡುಹಂದಿ, ಹುಲಿ ಎಲ್ಲ ನಡೆದು ಹೋಗಿರುವುದು ಕ್ಯಾಮೆರಾಗಳಲ್ಲಿ ದಾಖಲಾಗಿದೆ. ರಾಣೇಬೆನ್ನೂರಿನಲ್ಲಿ 750 ಮೀಟರ್ ಸೇತುವೆ ಕಟ್ಟಿ ಎಂದು ನಾನು ಕೇಳುತ್ತಿಲ್ಲ. ಹಿಂಡು ದಾಟುವ ಜಾಗಗಳಲ್ಲಿ ಕಣಗಿಲೆ ತೆಗೆದು ಕಣ್ಣಿಗೆ ಬಯಲು ಕಾಣುವಂತೆ ಮಾಡಿ, ಈಗಾಗಲೇ ಇರುವ ಹಳ್ಳದ ಮೋರಿಗಳ ಕಡೆ ಬೇಲಿಯಿಂದ ದಾರಿ ತೋರಿಸಿ, ಮುಂಗಾರಿನ ತಿಂಗಳುಗಳಲ್ಲಿ ನಸುಕಿಗೆ ವೇಗ ಇಳಿಸಿ. ಆದರೆ ಆ ಜಾಗಗಳು ಯಾವುವು ಎಂದು ಹೇಳಲು ಮೊದಲು ಲೆಕ್ಕ ಬೇಕು.

ಅದಕ್ಕಾಗಿ ಜಿಲ್ಲಾಡಳಿತ ಮತ್ತು ಅರಣ್ಯ ಇಲಾಖೆಯ ಮುಂದೆ ನನ್ನ ಬೇಡಿಕೆ ಇಷ್ಟು. ಆಕಸ್ಮಿಕವಾಗಿ ಕಾಡುಪ್ರಾಣಿಗೆ ಗುದ್ದಿ, ಅಲ್ಲೇ ನಿಂತು ತಿಳಿಸಿದ ಚಾಲಕನ ಗಾಡಿ ಹಿಡಿಯುವುದಿಲ್ಲ, ಅವನನ್ನು ಠಾಣೆಗೆ ಅಲೆಸುವುದಿಲ್ಲ ಎಂದು ಬರಹದಲ್ಲಿ ಹೇಳಬೇಕು. ಬೇಕಂತಲೇ ಗುದ್ದಿದವನಿಗೆ, ಮಾಂಸ ಒಯ್ದವನಿಗೆ ಈಗಿರುವ ಶಿಕ್ಷೆ ಹಾಗೇ ಇರಲಿ. ಇದೇನು ಆಗದ ಮಾತಲ್ಲ. ರಸ್ತೆಯಲ್ಲಿ ಗಾಯಗೊಂಡು ಬಿದ್ದ ಮನುಷ್ಯನನ್ನು ಮುಟ್ಟಲೂ ಜನ ಹೆದರುತ್ತಿದ್ದ ಕಾಲ ಇತ್ತು. ಪೊಲೀಸರು, ಕೋರ್ಟು, ಸಾಕ್ಷಿ ಎಂಬ ಭಯ. 2016ರಲ್ಲಿ ಸುಪ್ರೀಂ ಕೋರ್ಟ್ ನೆರವಿಗೆ ಬಂದವರ ರಕ್ಷಣೆಗೆ ನಿಂತಿತು. ನಮ್ಮ ಕರ್ನಾಟಕ ಅದಕ್ಕೆಂದೇ ಕಾಯ್ದೆ ಮಾಡಿತು, 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಸಿಕ್ಕಿತು. 2019ರಲ್ಲಿ ದೇಶದ ಮೋಟಾರು ವಾಹನ ಕಾಯ್ದೆಗೇ ಅದು ಸೇರಿತು. ಮನುಷ್ಯನಿಗೆ ನೆರವಾದವನಿಗೆ ಕೊಟ್ಟ ಅಭಯವನ್ನು ಮೂಕ ಪ್ರಾಣಿಗೆ ನೆರವಾದವನಿಗೂ ಕೊಡಿ.

ಫೋನ್ ನಂಬರ್ ಹೊಸದೇನೂ ಬೇಕಿಲ್ಲ. ಅರಣ್ಯ ಇಲಾಖೆಯ ಸಹಾಯವಾಣಿ 1926 ಇದೆ. ಹೆದ್ದಾರಿಯವರ 1033 ಇದೆ. ಗಾಯಗೊಂಡ ಮನುಷ್ಯನಿಗೆ 1033ರಿಂದ ಆಂಬುಲೆನ್ಸ್ ಬರುತ್ತದೆ. ಚಿಗರಿ ಬಿದ್ದಿದೆ ಎಂದು ಅದೇ ನಂಬರಿಗೆ ಹೇಳಿದರೆ ಆ ಸುದ್ದಿ ತಾನಾಗಿ ವಲಯ ಅರಣ್ಯಾಧಿಕಾರಿಗೆ ಮುಟ್ಟಬೇಕು. ಹೇಳುವವನು ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆ ಹೇಳಿದರೆ ಸಾಕು, ಹೆಸರು ಹೇಳಬೇಕೆಂಬ ಒತ್ತಾಯ ಬೇಡ. ಈ ಎರಡು ನಂಬರನ್ನು ದೊಡ್ಡ ಕನ್ನಡ ಅಕ್ಷರದಲ್ಲಿ ಟೋಲ್ ಗೇಟಿನಲ್ಲಿ, ಲಾರಿ ನಿಲ್ಲುವ ಢಾಬಾಗಳಲ್ಲಿ, ಬ್ಯಾಡಗಿ ಮಾರುಕಟ್ಟೆಯ ಬಾಗಿಲಲ್ಲಿ ಬರೆಸಿ. ತಿಂಗಳಿಗೊಮ್ಮೆ ಯಾವ ಕಲ್ಲಿನ ಬಳಿ ಎಷ್ಟು ಸತ್ತವು ಎಂಬ ಪಟ್ಟಿಯನ್ನು ಪತ್ರಿಕೆಗಳಿಗೆ ಕೊಡಿ. ನಿಮ್ಮ ಪತ್ರಿಕೆಯೂ ಅದನ್ನು ಜಿಲ್ಲಾ ಪುಟದಲ್ಲಿ ಹಾಕಲಿ. ಗದಗ–ಹುಬ್ಬಳ್ಳಿ ರಸ್ತೆಗೂ, ಕಲಘಟಗಿ ದಾಟಿ ಯಲ್ಲಾಪುರ ಕಾಡಿನ ಕಡೆ ಹೋಗುವ ರಸ್ತೆಗೂ ಇದೇ ಆಗಲಿ.

ಸತ್ತದ್ದು ಹಾಳಾಗಬಾರದು ಎಂಬ ರೈತರ ಮಾತಿಗೂ ನನ್ನಲ್ಲಿ ಉತ್ತರ ಇದೆ. ಈಗ ಪರೀಕ್ಷೆ ಆದ ಮೇಲೆ ಕಟ್ಟಿಗೆ ಒಟ್ಟಿ ಸುಡುತ್ತೇವೆ, ಇಲ್ಲ ಹೂಳುತ್ತೇವೆ. ಕೊಂಬು ಸುಟ್ಟು ಬೂದಿಯಾಗಬೇಕು, ಅದು ಸರಿ. ಆದರೆ ರೋಗವಿಲ್ಲ ಎಂದು ಖಾತ್ರಿಯಾದ ದೇಹವನ್ನು ಯಾಕೆ ಸುಡಬೇಕು? ಗದಗದ ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮ ಆಯಿತು. ಅಲ್ಲಿ ಕತ್ತೆಕಿರುಬ ಇದೆ, ತೋಳ ಇದೆ. ಸತ್ತದ್ದನ್ನು ತಿಂದು ನೆಲ ಶುಚಿ ಮಾಡುವುದು ಅವುಗಳ ಕೆಲಸ, ಆ ಮಾಂಸದ ಹಕ್ಕು ಅವುಗಳದ್ದು. ರಸ್ತೆಯಿಂದ ಬಹುದೂರ, ಕಾಡಿನ ಒಳಗೆ, ಸಿಬ್ಬಂದಿಯ ಕಣ್ಣಳತೆಯಲ್ಲಿ ಇಟ್ಟು ಬರಬಹುದು. ರಸ್ತೆ ಬದಿ ಬಿಡುವುದು ಮಾತ್ರ ಬೇಡವೇ ಬೇಡ. ಚರಂಡಿಯ ಚಿಗರಿಗೆ ಬಂದ ನರಿಯೂ ಅದೇ ಜಾಗದಲ್ಲಿ ಇನ್ನೊಂದು ಲಾರಿಗೆ ಸಿಗುತ್ತದೆ. ಆರೆಗನ್‌ನವರು ಕರುಳನ್ನೂ ಬಿಡದೆ ಎತ್ತಿ ಅನ್ನುವುದರ ಹಿಂದೆ ಈ ತಿಳಿವೂ ಇದೆ.

ಪಶುವೈದ್ಯನಾಗಿ ಒಂದು ಎಚ್ಚರಿಕೆ ಸೇರಿಸುತ್ತೇನೆ. ನಾನು ನೌಕರಿಗೆ ಸೇರಿದ ಹೊಸದರಲ್ಲಿ ಸತ್ತ ಎತ್ತಿನ ಮೇಲೆ ರಣಹದ್ದು ಇಳಿಯುವುದನ್ನು ನೋಡಿದ್ದೆ. ಆಮೇಲೆ ಅವು ಕಾಣೆಯಾದವು. ದನಕ್ಕೆ ನಾವೇ ಚುಚ್ಚುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧ, ಆ ದನ ಸತ್ತಾಗ ತಿಂದ ಹದ್ದುಗಳ ಮೂತ್ರಪಿಂಡ ಕೆಡಿಸಿ ಕೊಂದಿತು. ದನಕ್ಕೆ ಅದರ ಬಳಕೆ 2006ರಲ್ಲಿ ನಿಂತಿತು, ಕೀಟೊಪ್ರೊಫೆನ್ ಮತ್ತು ಅಸೆಕ್ಲೊಫೆನಾಕ್ 2023ರಲ್ಲಿ ನಿಂತವು. ಗಾಯಗೊಂಡ ಚಿಗರಿಗೆ ಚಿಕಿತ್ಸೆ ಕೊಡುವಾಗ ಹದ್ದುಗಳಿಗೆ ಅಪಾಯವಿಲ್ಲದ ಮೆಲೊಕ್ಸಿಕಾಮ್ ಬಳಸಬೇಕು. ನೋವಿನಿಂದ ಬಿಡುಗಡೆ ಮಾಡಲು ಸಾವಿನ ಚುಚ್ಚುಮದ್ದು ಕೊಟ್ಟಿದ್ದರೆ ಅಂಥ ದೇಹವನ್ನು ಹೂಳಲೇಬೇಕು, ಕಾಡಿಗೆ ಬಿಡುವಂತಿಲ್ಲ.

ಬ್ಯಾಡಗಿಯ ಆ ರೈತರಿಗೆ ಒಂದು ಮಾತು. ನಿಮ್ಮ ಬೆಳೆ ಹಾನಿ ಸುಳ್ಳಲ್ಲ. ಮೊಳಕೆ ಮೇಯ್ದ ಹೊಲದಲ್ಲಿ ಎರಡನೇ ಸಲ ಬಿತ್ತಿದವರ ಕಣ್ಣೀರು ನಾನು ನೋಡಿದ್ದೇನೆ. ಪರಿಹಾರ ಬೇಗ ಬರಬೇಕು, ಬೀಜ ಗೊಬ್ಬರದ ಈಗಿನ ಬೆಲೆಗೆ ತಕ್ಕಂತೆ ಬರಬೇಕು. ಅದಕ್ಕಾಗಿ ನೀವು ಪತ್ರ ಬರೆದರೆ ಕೆಳಗೆ ನನ್ನ ಸಹಿಯೂ ಇರುತ್ತದೆ. ಹಿಂಡು ಎಲ್ಲಿ ದಾಟುತ್ತದೆ ಎಂಬುದು ಯಾವ ಅಧಿಕಾರಿಗಿಂತ ನಿಮಗೇ ಚೆನ್ನಾಗಿ ಗೊತ್ತು. ಹುಲತ್ತಿ, ಹುಣಸಿಕಟ್ಟಿ ಕಡೆಯವರನ್ನೂ ನಿಮ್ಮನ್ನೂ ಕೂರಿಸಿ ಕೇಳಿದರೆ ದಾಟುವ ಜಾಗಗಳ ಮೊದಲ ನಕ್ಷೆ ಅಲ್ಲೇ ಆಗುತ್ತದೆ. ಅರಣ್ಯ ಇಲಾಖೆ ಕರೆದರೆ ಆ ಸಭೆಗೆ ನಾನು ಬರುತ್ತೇನೆ, ಮರಣೋತ್ತರ ಪರೀಕ್ಷೆಗಳ ಬಗ್ಗೆ ನಾನು ಬರೆದಿಟ್ಟ ನೋಟ್ ಪುಸ್ತಕಗಳನ್ನೂ ತರುತ್ತೇನೆ. ಜೂನ್‌ನಲ್ಲಿ ಬಿತ್ತನೆ ಶುರುವಾಗಿ ಹಿಂಡು ಹೊಲಕ್ಕೆ ಇಳಿಯುವ ಮೊದಲು ಆ ಸಭೆ ನಡೆಯಬೇಕು, 1926 ಮತ್ತು 1033ರ ಫಲಕ ಟೋಲ್ ಗೇಟಿನಲ್ಲಿ ನಿಲ್ಲಬೇಕು.

— ನಿವೃತ್ತ ಪಶುವೈದ್ಯ, ರಾಣೇಬೆನ್ನೂರು, ಹಾವೇರಿ ಜಿಲ್ಲೆ